ಗಡಿಯಾರ ನಿಂತ ದಿನ: ಹ್ಯಾಂಬರ್ಗ್ ಕ್ಲಬ್‌ನ ಹಿಂಬಡ್ತಿ

ಜರ್ಮನಿಯ ಅಗ್ರ ಫುಟ್‌ಬಾಲ್ ಲೀಗ್ ಆದ ಬುಂಡೆಸ್‌ಲಿಗಾ 1963ರಲ್ಲಿ ಆರಂಭವಾದಾಗಿನಿಂದ ಒಮ್ಮೆಯೂ ಕೆಳ ದರ್ಜೆಗೆ ಇಳಿಯದೆ ಉಳಿದಿದ್ದ ಏಕೈಕ ಕ್ಲಬ್ ಹ್ಯಾಂಬರ್ಗ್ ಆಗಿದ್ದು, ಆ ದಾಖಲೆಯ ವರ್ಷ, ದಿನ, ಗಂಟೆಗಳನ್ನು ಎಣಿಸಲೆಂದೇ ಅದರ ಕ್ರೀಡಾಂಗಣದಲ್ಲಿ ದೊಡ್ಡ ಗಡಿಯಾರವೊಂದನ್ನು ಅಳವಡಿಸಲಾಗಿತ್ತು. 1983ರಲ್ಲಿ ಯುವೆಂಟಸ್ ತಂಡವನ್ನು ಮಣಿಸಿ ಯುರೋಪಿಯನ್ ಕಪ್ ಗೆದ್ದ ಕ್ಲಬ್ ಇದೇ.

ಹದಿನೆಂಟು ತಂಡಗಳ ಈ ಲೀಗ್‌ನಲ್ಲಿ ಕೊನೆಯ ಎರಡು ಸ್ಥಾನದವರು ನೇರವಾಗಿ ಎರಡನೇ ದರ್ಜೆಗೆ ಇಳಿಯುತ್ತಾರೆ. ಇದನ್ನೇ ಹಿಂಬಡ್ತಿ ಎನ್ನುತ್ತಾರೆ. ಹದಿನಾರನೇ ಸ್ಥಾನದ ತಂಡವಾದರೋ ಎರಡನೇ ದರ್ಜೆಯ ಮೂರನೇ ತಂಡದೊಂದಿಗೆ ಎರಡು ಪಂದ್ಯಗಳ ಪ್ಲೇಆಫ್ ಆಡಿ ತನ್ನ ಸ್ಥಾನ ಉಳಿಸಿಕೊಳ್ಳಬೇಕು. 2014 ಮತ್ತು 2015ರಲ್ಲಿ ಹೀಗೆಯೇ ಕೂದಲೆಳೆಯಲ್ಲಿ ಪಾರಾಗಿದ್ದ ಹ್ಯಾಂಬರ್ಗ್, ಆ ಎಚ್ಚರಿಕೆಗಳಿಂದ ಪಾಠ ಕಲಿಯಲಿಲ್ಲವೆಂದೇ ಹೇಳಬೇಕು.

2017-18ರ ಋತುವಿನಲ್ಲಿ ಗಿಸ್ಡಾಲ್, ಹೊಲ್ಲರ್‌ಬಾಖ್, ಟಿಟ್ಸ್ ಎಂಬ ಮೂವರು ತರಬೇತುದಾರರು ಒಬ್ಬರ ನಂತರ ಒಬ್ಬರು ತಂಡವನ್ನು ನಡೆಸಿದರು. ಟಿಟ್ಸ್ ಅವರ ಕೈಯಲ್ಲಿ ತಂಡ ಚೇತರಿಸಿಕೊಂಡರೂ ಆ ವೇಳೆಗೆ ತುಂಬಾ ತಡವಾಗಿತ್ತು. ಮೇ 12ರ ಕೊನೆಯ ಪಂದ್ಯದಲ್ಲಿ ಹ್ಯಾಂಬರ್ಗ್ ಬೊರುಸಿಯಾ ಮೊಂಚೆನ್‌ಗ್ಲಾಡ್‌ಬಾಖ್ ವಿರುದ್ಧ 2-1ರಿಂದ ಗೆದ್ದಿತಾದರೂ, ಅದೇ ಹೊತ್ತಿಗೆ ವುಲ್ಫ್ಸ್‌ಬರ್ಗ್ ಕ್ಯೋಲ್ನ್ ತಂಡವನ್ನು ಸೋಲಿಸಿ 33 ಅಂಕಗಳೊಂದಿಗೆ ಹದಿನಾರನೇ ಸ್ಥಾನ ಉಳಿಸಿಕೊಂಡದ್ದರಿಂದ, 31 ಅಂಕಗಳ ಹ್ಯಾಂಬರ್ಗ್ ಹದಿನೇಳನೆಯದಾಯಿತು. ಕೆಲವರು ಮೈದಾನಕ್ಕೆ ಬೆಂಕಿಪಟಾಕಿ ಎಸೆದು ಆಟ ನಿಲ್ಲಿಸಿದ್ದು ಆ ಕ್ಲಬ್‌ನ ನಿಷ್ಠಾವಂತ ಬೆಂಬಲಿಗರಿಗೆ ಬಗೆದ ಅನ್ಯಾಯವೇ ಸರಿ.

54 ವರ್ಷ 261 ದಿನಗಳ ಬಳಿಕ ಇಳಿದ ಹ್ಯಾಂಬರ್ಗ್, ಏಳು ಋತುಗಳನ್ನು ಎರಡನೇ ದರ್ಜೆಯಲ್ಲಿ ಕಳೆದು 2025ರಲ್ಲಿ ಬುಂಡೆಸ್‌ಲಿಗಾಗೆ ಮರಳಿತು.