ಮಗು ಅಯಸ್ಕಾಂತ ನುಂಗಿದರೆ

ನುಂಗಿದ ನಾಣ್ಯ ಜಠರ ದಾಟಿದರೆ ಸಾಮಾನ್ಯವಾಗಿ ಮಲದೊಡನೆ ಹೊರಬೀಳುವುದು. ಅಯಸ್ಕಾಂತದ ಮಾತು ಬೇರೆ. ಆಟಿಕೆಗಳಲ್ಲಿ ಈಗ ಸೇರಿರುವ ನಿಯೋಡಿಮಿಯಂ ಗುಂಡುಗಳು ಗಾತ್ರದಲ್ಲಿ ಕಿರಿದು, ಸೆಳೆತದಲ್ಲಿ ಹಿರಿದು. ಒಂದಕ್ಕಿಂತ ಹೆಚ್ಚು ನುಂಗಿದರೆ, ಕರುಳಿನ ಬೇರೆ ಬೇರೆ ಸುತ್ತುಗಳಲ್ಲಿದ್ದೇ ಒಂದನ್ನೊಂದು ಸೆಳೆದು, ನಡುವಣ ಗೋಡೆಯನ್ನು ಅದುಮಿ ತೂತು ಮಾಡುವುವು. ಮಗು ಮೊದಲು ಆಡಿಕೊಂಡೇ ಇದ್ದೀತು. ಹೊಟ್ಟೆನೋವು, ವಾಂತಿ, ಜ್ವರ ತಡವಾಗಿ ಬರುವುವು.

ಬಾಳೆಹಣ್ಣು ತಿನ್ನಿಸಿ ಕಾಯುವುದಾಗಲಿ, ವಾಂತಿ ಮಾಡಿಸುವುದಾಗಲಿ ಕೂಡದು. ಹೈದರಾಬಾದಿನ ನಮ್ಮ ಬಂಧುಗಳು 1953ರಲ್ಲಿ ಆರಂಭವಾದ ರೆಡ್‌ಹಿಲ್ಸಿನ ನಿಲೋಫರ್ ಮಕ್ಕಳ ಸರ್ಕಾರಿ ಆಸ್ಪತ್ರೆಗೆ ಒಡನೆ ಧಾವಿಸತಕ್ಕದ್ದು. ಅಂಟಿಕೊಂಡ ಎರಡು ಒಂದರಂತೆ ಕಂಡಾವು; ಅದಕ್ಕೇ ಎದುರಿನಿಂದಲೂ ಪಕ್ಕದಿಂದಲೂ ಎಕ್ಸ್‌ರೇ ತೆಗೆಯುವರು. ಜಠರದಲ್ಲಿರುವಾಗಲೇ ಸಿಕ್ಕರೆ ಬಾಯಿಯಿಂದ ನಳಿಕೆಯಿಳಿಸಿ ತೆಗೆಯಬಹುದು. ತಡವಾದರೆ ಹೊಟ್ಟೆ ಕೊಯ್ಯಬೇಕಾದೀತು. ಪಾಳಿ ಮುಗಿಯಲೆಂದು ತಂದೆ ಕಾಯಬಾರದು. ಮಾಲೀಕರೂ ತಡೆಯಬಾರದೆಂದು ಹೋಟೆಲು ನಡೆಸಿದ ನಾವು ಬಿನ್ನವಿಸುತ್ತೇವೆ.