ತೀರ್ಥಹಳ್ಳಿಯಲ್ಲಿ ಹುಟ್ಟಿದ ಡಾಕ್ಟರಮ್ಮ

ಮಕ್ಕಳಿಗಾಗಿ ‘ದಿನಕ್ಕೊಂದು ಕಥೆ’ ಬರೆದ ಅನುಪಮಾ ನಿರಂಜನರನ್ನು ನಮ್ಮ ಬೆಳೆಗಾರ ಬಂಧುಗಳು ಸಾಹಿತಿಯೆಂದೇ ಬಲ್ಲರು. ವೃತ್ತಿಯಿಂದ ಅವರು ವೈದ್ಯೆ. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ವೆಂಕಟಲಕ್ಷ್ಮಿ ಮೈಸೂರಿನಲ್ಲಿ ವೈದ್ಯಕೀಯ ಓದಿ, ಸಾಹಿತಿ ನಿರಂಜನರ ಕೈಹಿಡಿದು, ಧಾರವಾಡ ಮತ್ತು ಬೆಂಗಳೂರಿನಲ್ಲಿ ರೋಗಿಗಳನ್ನು ನೋಡಿದರು.

ಮಳೆ ಹಿಡಿಯುವ ಮುನ್ನ ಕೊಳೆಗೆ ಬೋರ್ಡೋ ಹೊಡೆಯಲು ಮರೆಯದ ನಾವು, ಮನೆಯ ಹೆಂಗಸರ ನೋವಿಗೆ ಮಾತ್ರ ‘ಕೊನೆ ಕೊಯ್ಲು ಮುಗಿಯಲಿ’ ಎಂದವರೇ. ಸಾಗರ, ಹೊಸನಗರ ಕಡೆಯ ಒಂಟಿ ಮನೆಗಳಿಂದ ಪೇಟೆಯ ಆಸ್ಪತ್ರೆಗೆ ಹೋಗಿಬರುವುದೆಂದರೆ ಆಗೆಲ್ಲ ಒಂದು ದಿನದ ಕೆಲಸ. ಹೋದರೂ ಮುಟ್ಟಿನ ತೊಂದರೆ, ಬಸಿರಿನ ಭಯ ಇವನ್ನು ಗಂಡಸು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳುವವರು ಎಷ್ಟು ಮಂದಿ?

ಈ ಸಂಕೋಚವನ್ನು ಅನುಪಮಾ ಅರಿತಿದ್ದರು. ‘ತಾಯಿ–ಮಗು’, ‘ಕೇಳು ಕಿಶೋರಿ’, ‘ದಾಂಪತ್ಯ ದೀಪಿಕೆ’ ಪುಸ್ತಕಗಳಲ್ಲಿ ಇಂಥವನ್ನೇ ತಿಳಿಗನ್ನಡದಲ್ಲಿ ಬಿಡಿಸಿ ಹೇಳಿದರು. ಅತ್ತೆಯನ್ನು ಕೇಳಲಾಗದ್ದನ್ನು ಸೊಸೆ ಒಬ್ಬಳೇ ಕುಳಿತು ಓದಿಕೊಳ್ಳುವಂತಾಯಿತು. ನಮ್ಮ ಲೆಕ್ಕದಲ್ಲಿ ಅವರ ಕಾದಂಬರಿಗಳಿಗಿಂತ ಇದೇ ದೊಡ್ಡ ಕೆಲಸ.

ಪಾರ್ಶ್ವವಾಯು ಬಡಿದ ಪತಿಯನ್ನು ವರ್ಷಗಟ್ಟಲೆ ನೋಡಿಕೊಂಡ ಅವರು, ತಾವೇ ಕ್ಯಾನ್ಸರಿಗೆ ತುತ್ತಾಗಿ 1991ರಲ್ಲಿ ತೀರಿಕೊಂಡರು. ಮರುವರ್ಷ ನಿರಂಜನರೂ ಹೋದರು.