ಬಣ್ಣ ಬಂದುದೆಲ್ಲ ಹಣ್ಣಲ್ಲ

ಕೆಲವು ವರ್ಷಗಳ ಹಿಂದೆ, ಅಕ್ಷಯ ತೃತೀಯದ ಮುನ್ನಾದಿನ, ಊರಿನಿಂದ ಮುಂಬಯಿಗೆ ಬಂದಿದ್ದ ತಾಯಿಯವರಿಗೆಂದು ಒಂದು ಡಜನ್ ಆಪೂಸು ತಂದೆ. ಚಿನ್ನದ ಬಣ್ಣ, ಒಂದು ಕಲೆಯೂ ಇಲ್ಲ. ಅವರು ಒಂದನ್ನೆತ್ತಿ ತೊಟ್ಟಿನ ಬಳಿ ಮೂಸಿ, "ಇದಕ್ಕೆ ಬಣ್ಣ ಬಂದಿದೆ, ಮಗೂ, ಹಣ್ಣಾಗಿಲ್ಲ" ಎಂದರು. ಹೆಚ್ಚಿ ನೋಡಿದಾಗ ಒಳಗೆ ಬಿಳಿಚಿದ, ಹುಳಿಯಾದ ತಿರುಳು.

ಊರಿನಲ್ಲಿ ಮರವನ್ನು ಬಲ್ಲವರು ಕಾಯಿ ಬಲಿತ ಮೇಲೆ ಕಿತ್ತು, ಹುಲ್ಲಿನಲ್ಲಿ ಅಡೆ ಹಾಕುತ್ತಿದ್ದರು. ನಗರವಾಸಿಗಳಾದ ನಮಗೆ ಮರದ ಪರಿಚಯವಿಲ್ಲ. ಕಣ್ಣಿಗೆ ಕಂಡ ಬಣ್ಣವೇ ಪ್ರಮಾಣ. ಈ ದೌರ್ಬಲ್ಯವನ್ನೇ ಕೆಲವರು ಬಂಡವಾಳ ಮಾಡಿಕೊಂಡಿದ್ದಾರೆ.

ಬಲಿತ ಮಾವು ತನ್ನೊಳಗೇ ಎಥಿಲೀನ್ ಎಂಬ ಅನಿಲವನ್ನು ಉತ್ಪಾದಿಸುತ್ತದೆ. ಅದರ ಪ್ರಭಾವದಿಂದ ಪಿಷ್ಟವು ಸಕ್ಕರೆಯಾಗಿ, ಹುಳಿ ತಗ್ಗಿ, ಪರಿಮಳ ಹುಟ್ಟುತ್ತದೆ. ಕ್ಯಾಲ್ಸಿಯಂ ಕಾರ್ಬೈಡಿಗೆ ತೇವ ತಗುಲಿದಾಗ ಹೊರಡುವ ಅಸಿಟಿಲೀನ್ ಇದನ್ನೇ ಅನುಕರಿಸಿ ಸಿಪ್ಪೆಯನ್ನು ಬೇಗ ಹಳದಿಯಾಗಿಸುತ್ತದೆ. ಎಳೆಗಾಯಿಗೆ ರುಚಿಯನ್ನು ಮಾತ್ರ ತಂದುಕೊಡಲಾರದು. ಕೈಗಾರಿಕೆಯ ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕಗಳ ಕಲ್ಮಷವಿರುತ್ತದೆ. 2011ರ ಆಹಾರ ಸುರಕ್ಷತಾ ನಿಯಮಗಳು ಹಣ್ಣು ಮಾಗಿಸಲು ಅದರ ಬಳಕೆಯನ್ನು ನಿಷೇಧಿಸಿವೆ. ಗೊತ್ತಾದ ಪ್ರಮಾಣದಲ್ಲಿ ಎಥಿಲೀನ್ ಅನಿಲ ಕೊಟ್ಟು ಮಾಗಿಸಲು ಅನುಮತಿಯುಂಟು.

ಹಾಗಾದರೆ ಪರೀಕ್ಷಿಸುವ ಬಗೆ ಹೇಗೆ? ಮೊದಲು ಹಣ್ಣಿನ ಹೆಗಲನ್ನು ನೋಡಬೇಕು. ಬಲಿತದ್ದರಲ್ಲಿ ಹೆಗಲು ತುಂಬಿಕೊಂಡು, ತೊಟ್ಟು ಸ್ವಲ್ಪ ಕುಳಿಯಲ್ಲಿರುತ್ತದೆ; ಎಳೆಯದರಲ್ಲಿ ಹೆಗಲು ಇಳಿಜಾರು. ಎರಡನೆಯದು, ತೊಟ್ಟಿನ ಬಳಿಯ ಪರಿಮಳ. ಮೂರನೆಯದು, ಅಂಗೈಯಲ್ಲಿಟ್ಟು ಹಗುರಾಗಿ ಒತ್ತಿದರೆ ಎಲ್ಲೆಡೆ ಒಂದೇ ಸಮನೆ ಮೆತ್ತಗಿರಬೇಕು. ಮನೆಗೆ ತಂದ ಮೇಲೆ ನೀರಿಗೆ ಹಾಕಿದರೆ ಬಲಿತದ್ದು ಸಾಮಾನ್ಯವಾಗಿ ಮುಳುಗುತ್ತದೆ, ಎಳೆಯದು ತೇಲುತ್ತದೆ. ಸಿಪ್ಪೆಗಂಟಿದ ಸೊನೆಯೂ ತೊಳೆದುಹೋಗುತ್ತದೆ. ಕೆಲವರ ತುಟಿಯಲ್ಲಿ ಹುಣ್ಣೇಳಿಸುವುದು ಆ ಸೊನೆಯೇ.

ಬಲಿತ ಕಾಯನ್ನೇ ಕೊಂಡು ಮನೆಯಲ್ಲಿ ಮಾಗಿಸುವುದು ಎಲ್ಲಕ್ಕಿಂತ ಕ್ಷೇಮ. ಕಾಗದದಲ್ಲಿ ಸುತ್ತಿ, ಜೊತೆಗೊಂದು ಮಾಗಿದ ಬಾಳೆಹಣ್ಣನ್ನಿಟ್ಟರೆ ಬೇಗ ಹಣ್ಣಾಗುತ್ತದೆ. ಮಾಗುವ ಮುನ್ನ ಫ್ರಿಜ್ಜಿನಲ್ಲಿಡಬಾರದು. ಚಳಿಗೆ ಮಾಗುವಿಕೆಯೇ ಕೆಡುತ್ತದೆ. ದ್ರಾಕ್ಷಿ, ಕಿತ್ತಳೆ, ದಾಳಿಂಬೆಗಳಿಗೆ ಈ ಕ್ರಮ ಸಲ್ಲದು; ಅವು ಕಿತ್ತ ಮೇಲೆ ಮಾಗುವುದಿಲ್ಲವಾದ್ದರಿಂದ ಮಾಗಿದವನ್ನೇ ಆರಿಸಬೇಕು. ಮಧುಮೇಹಿಗಳು ನೆನಪಿಡಬೇಕಾದದ್ದು: ಬಾಳೆ ಮಾಗಿದಷ್ಟೂ ಅದರ ಪಿಷ್ಟ ಸಕ್ಕರೆಯಾಗುತ್ತದೆ.

ಮರುವಾರ ತಾಯಿಯವರೇ ನನ್ನೊಡನೆ ಮಾರುಕಟ್ಟೆಗೆ ಬಂದು, ಯಾರೂ ಮುಟ್ಟದಿದ್ದ ಹಸುರು ಕಾಯಿಗಳನ್ನು ಆರಿಸಿ ತಂದು, ಮಂಚದ ಕೆಳಗೆ ಗೋಣಿಯ ಮೇಲೆ ಹರಡಿದರು. ಐದನೆಯ ದಿನ ಸಂಜೆ ಆಡಿ ಬಂದ ಮಕ್ಕಳು ಬಾಗಿಲಲ್ಲೇ ನಿಂತು, "ಅಜ್ಜೀ, ಹಣ್ಣಾಯಿತು!" ಎಂದು ಕೂಗಿದರು. ಮಂಚದ ಕೆಳಗೆ ಇನ್ನೂ ಯಾರೂ ಬಗ್ಗಿ ನೋಡಿರಲಿಲ್ಲ.